ಪಾಕದವನ ಮೂಗು

5-12-1949, ಸೋಮವಾರ

ಇವತ್ತೂ ಸಾರು ಸಪ್ಪೆ.

ಜ್ವರದಿಂದ ಎದ್ದು ಹತ್ತು ದಿನವಾಯಿತು, ಬಾಯಿಗೆ ಹಿತವಾಗಿ ಒಂದು ತುತ್ತು ಬಿದ್ದಿಲ್ಲ. ಉಪ್ಪಿದೆ, ಹುಳಿಯಿದೆ, ಖಾರವಿದೆ, ಸಾರು ಮಾತ್ರ ಇಲ್ಲ. ಸೊಸೆ ಯಳಂದೂರಿನವಳು. ಗಡಿಯಾಚೆಯ ಆ ಮಹಾರಾಜರ ಸೀಮೆಯಲ್ಲಿ ಒಗ್ಗರಣೆ ಹಾಕುವ ಪದ್ಧತಿಯೇ ಇಲ್ಲವೋ ಏನೋ. ನನ್ನ ಮಗ ಮಹದೇವು ಮಾತ್ರ ಎರಡೆರಡು ಸಲ ಹಾಕಿಸಿಕೊಂಡು ಸೊರ್ರೆಂದು ಕುಡಿಯುತ್ತಾನೆ. ಹೆಂಡತಿ ಬೂದಿ ಕಲಸಿಕೊಟ್ಟರೂ ಕುಡಿಯುವ ಗಂಡು ಅವನು. ನಾನು ತಟ್ಟೆ ಸರಿಸಿ ಎದ್ದೆ. ಅವಳು ತಲೆ ತಗ್ಗಿಸಿಕೊಂಡು ತಟ್ಟೆ ತೆಗೆದಳು. ಬಂದು ಎರಡು ವರ್ಷವಾಯಿತು, ನನ್ನೆದುರು ಅವಳ ಬಾಯಿಂದ ಒಟ್ಟಿಗೆ ನಾಲ್ಕು ಮಾತು ಬಂದದ್ದಿಲ್ಲ. ನಾನೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನನ್ನ ಹೆಂಡತಿ ವೀರಮ್ಮ ಬದುಕಿದ್ದಿದ್ದರೆ ಇವಳಿಗೆ ಒಂದಷ್ಟು ಅಡಿಗೆ ಕಲಿಸುತ್ತಿದ್ದಳು.

ನಾಡಿದ್ದು ಬುಧವಾರ ದೊಡ್ಡಮಾದಪ್ಪನವರ ಆಲೆಮನೆಯಲ್ಲಿ ಒಲೆ ಹೊತ್ತುತ್ತದೆ. ಸತ್ತೇಗಾಲದ ಅರ್ಧ ಕಬ್ಬು ಅಲ್ಲೇ ಬೆಲ್ಲವಾಗಬೇಕು. ನನಗೆ ಇದು ನಲವತ್ತೊಂದನೆಯ ಸುಗ್ಗಿ. ಗಾಣ ಯಾರು ಬೇಕಾದರೂ ಹೊಡೆಯಬಹುದು, ಕಬ್ಬನ್ನು ಯಾರು ಬೇಕಾದರೂ ಕೊಡಬಹುದು. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು, ಇಂಥ ಗಳಿಗೆಗೆ ಇಳಿಸಿ ಎಂದು ಹೇಳುವವನು ಮಾತ್ರ ಒಬ್ಬನೇ. ಅವನೇ ಪಾಕದವನು. ಅವನು ತಪ್ಪಿದರೆ ಒಬ್ಬ ರೈತನ ವರ್ಷದ ಬೆವರು ಮಣ್ಣುಪಾಲು.

ಈ ಪುಸ್ತಕದಲ್ಲಿ ನಾನು ಇಷ್ಟು ವರ್ಷ ಬರೆದದ್ದು ಸ್ವಲ್ಪವೇ. ಯಾವ ದಿನ, ಯಾರ ಹೊಲದ ಕಬ್ಬು, ಬೆಲ್ಲ ಹೇಗೆ ಕೂತಿತು, ಕೂರದಿದ್ದರೆ ಯಾವ ಕಾರಣಕ್ಕೆ. ಈ ಸಲ ಹಾಸಿಗೆಯಲ್ಲಿ ಬಿದ್ದೂ ಬಿದ್ದೂ ಕೈಗೆ ಬೇರೆ ಮಾತೂ ಬರುತ್ತಿದೆ. ಇರಲಿ, ಓದುವವರು ಯಾರು.

7-12-1949, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದೆ ಇನ್ನು ಯಾರಿಗೆ ಹೇಳಲಿ.

ಬೆಳಿಗ್ಗೆ ಗಾಣಕ್ಕೆ ಪೂಜೆಯಾಯಿತು. ಮಹದೇವು ಎತ್ತು ಹೊಡೆದ. ಕಬ್ಬಿನ ಹಾಲು ಕೊಪ್ಪರಿಗೆ ತುಂಬಿತು. ಕೆಳಗೆ ಒಲೆಯ ಗುಂಡಿಯಲ್ಲಿ ಕೆಂಪನಂಜಪ್ಪ ಕೂತು ರಚ್ಚು, ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ, ಹಾಕುತ್ತ ಉರಿ ನೋಡಿಕೊಳ್ಳುತ್ತಿದ್ದ. ಅವನಿಗೂ ನನಗೂ ಇಪ್ಪತ್ತು ವರ್ಷದ ಜೊತೆ. ಬೆಂಡೆ ಕಾಂಡದ ಲೋಳೆ ಬಿಟ್ಟೆವು, ಕೊಳೆ ಮೇಲೆ ಬಂತು, ತೆಗೆದೆವು. ನೊರೆ ಎದ್ದಿತು, ಹಳದಿಯಾಯಿತು, ಕೆಂಪಾಯಿತು. ನಾನು ಕಣ್ಣು ಮುಚ್ಚಿ ನಿಂತೆ.

ನನ್ನ ಪಾಕ ಕಣ್ಣಿನದಲ್ಲ, ಮೂಗಿನದು. ಹಾಲು ಕಾಯುವಾಗ ಹಸಿ ಹುಲ್ಲಿನ ವಾಸನೆ. ನೊರೆ ಕೆಂಪಾದಾಗ ಸುಟ್ಟ ಜೋಳದ ತೆನೆಯ ವಾಸನೆ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಅದರ ಹಿಂದೆಯೇ ಹುರಿದ ಎಳ್ಳಿನ ವಾಸನೆ ಏಳುತ್ತದೆ. ಎಳ್ಳು ಎದ್ದ ಕೂಡಲೇ ಇಳಿಸಿ ಅನ್ನಬೇಕು. ಮೂರು ಉಸಿರು ಮುಂಚೆಯಾದರೆ ಬೆಲ್ಲ ಕೂರುವುದಿಲ್ಲ, ಮೂರು ಉಸಿರು ತಡವಾದರೆ ಸೀಯುತ್ತದೆ. ಇದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ. ಮಹದೇವುಗೆ ಹೇಳಿ ನೋಡಿದ್ದೆ, ಅವನಿಗೆ ಎಳ್ಳೂ ಒಂದೇ ಹುಲ್ಲೂ ಒಂದೇ.

ಇವತ್ತು ನಾನು ಕಾದೆ. ಹುಲ್ಲು ಬರಲಿಲ್ಲ. ತೆನೆ ಬರಲಿಲ್ಲ. ಎಳ್ಳಿಗೆ ಕಾಯುತ್ತಾ ನಿಂತೆ.

ಕೆಳಗಿಂದ ಕೆಂಪನಂಜಪ್ಪ, "ಅಣ್ಣೋ, ನಿದ್ದ ಬಂದ್ಬುಡ್ತಾ? ಇನ್ನೂ ರಚ್ಚು ಹಾಕ್ಲಾ, ಬ್ಯಾಡ್ವಾ?" ಎಂದ. ಗಾಬರಿಯಲ್ಲಿ "ಇಳಿಸಿ" ಎಂದುಬಿಟ್ಟೆ. ನಾಲ್ಕು ಜನ ಗಳ ಹಾಕಿ ಕೊಪ್ಪರಿಗೆ ಇಳಿಸಿ ಮರದ ಮರಿಗೆಗೆ ಸುರಿದರು. ಅಚ್ಚಿಗೆ ಹಾಕಿದ ಬೆಲ್ಲ ಕರ್ರಗೆ ಬಂತು, ಕಹಿ ಹತ್ತಿತ್ತು.

ಮೊದಲ ಅಚ್ಚು ಒಡೆದು ಮೊದಲ ಚೂರನ್ನು ಪಾಕದವನ ಕೈಗೆ ಕೊಡುವುದು ನಮ್ಮ ಆಲೆಮನೆಯ ಪದ್ಧತಿ. ದೊಡ್ಡಮಾದಪ್ಪನವರು ಕೊಟ್ಟರು. ಕೊಟ್ಟು, "ಯಾಕ ಸಿದ್ದಮಲ್ಲಣ್ಣ, ಹಿಂಗ ಬಂದದ?" ಎಂದರು.

"ಚೌಳು ನೆಲದ ಕಬ್ಬು" ಎಂದೆ.

ಮನೆಗೆ ಬಂದು ಇಂಗಿನ ಡಬ್ಬಿಗೆ ಮೂಗಿಟ್ಟೆ. ಸೀಮೆಎಣ್ಣೆ ಬುಡ್ಡಿಗೆ ಇಟ್ಟೆ. ಧೂಪ ಹಾಕಿ ಅದರ ಮೇಲೆ ಬಗ್ಗಿದೆ, ಕಣ್ಣು ಉರಿಯಿತು ಅಷ್ಟೆ. ಜ್ವರ ನನ್ನ ಮೂಗನ್ನು ತೆಗೆದುಕೊಂಡು ಹೋಗಿದೆ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ಸಿಹಿ ಗೊತ್ತಾಯಿತು, ಬೆಲ್ಲ ಗೊತ್ತಾಗಲಿಲ್ಲ.

ಹಾಗಾದರೆ ಸಾರಿನಲ್ಲಿ ಒಗ್ಗರಣೆ ಇತ್ತು.

9-12-1949, ಶುಕ್ರವಾರ

ಬೇರೆ ಊರಿನವರು ಬಟ್ಟಲು ನೀರಿಗೆ ಪಾಕದ ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರೆ. ನಾನೂ ಹಾಗೆ ಮಾಡಬಹುದು. ಆದರೆ ನಲವತ್ತು ವರ್ಷ ಅವರನ್ನು ನೋಡಿ ನಕ್ಕವನು ನಾನು. ಬಟ್ಟಲು ಹಿಡಿದವನು ಪಾಕದವನಲ್ಲ, ಮದುವೆ ಮನೆಯ ಅಡಿಗೆಯವನು ಎಂದು ಹತ್ತು ಜನರೆದುರು ಅಂದಿದ್ದೇನೆ. ಇವತ್ತು ನಾನು ಬಟ್ಟಲು ಕೇಳಿದರೆ ಸಂಜೆಯೊಳಗೆ ಊರೆಲ್ಲ ಗೊತ್ತು. ಕಣ್ಣಲ್ಲೇ ನೋಡಿ ಇಳಿಸಿದೆ. ಮೂರರಲ್ಲಿ ಒಂದು ಚೆನ್ನಾಗಿ ಬಂತು.

14-12-1949, ಬುಧವಾರ

ಎರಡು ಕೊಪ್ಪರಿಗೆ ಸೀದವು. ಉರಿ ಜಾಸ್ತಿ ಮಾಡಿದೆ ಎಂದು ಕೆಂಪನಂಜಪ್ಪನನ್ನು ಎಲ್ಲರೆದುರು ಬೈದೆ. ಅವನು ಮುಖ ಒರೆಸಿಕೊಂಡು ನನ್ನನ್ನೇ ನೋಡಿದ. ಪುಸ್ತಕದಲ್ಲಿ ಇವತ್ತಿನ ಕಾರಣ: ಉರಿ.

20-12-1949, ಮಂಗಳವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಹಿಂಡಿದ ರಚ್ಚನ್ನು ಬಿಸಿಲಿಗೆ ಹರವಿ ಒಣಗಿಸುವುದು ಹೆಂಗಸರ ಕೆಲಸ. ಸೊಸೆ ಆಲೆಮನೆಯ ಬಿದಿರ ತಡಿಕೆಯ ಆಚೆ ಅದನ್ನು ಮಾಡುತ್ತಿದ್ದಳು. ಹೆಂಗಸರು ಆಲೆಮನೆಯ ಒಳಗೆ ಬರುವಂತಿಲ್ಲ, ಬಂದರೆ ಪಾಕ ಒಡೆಯುತ್ತದೆ ಎನ್ನುವುದು ಹಿಂದಿನಿಂದ ಬಂದ ಮಾತು. ನಾನೂ ಅದನ್ನು ಬೇಕಾದಷ್ಟು ಸಲ ಹೇಳಿದ್ದೇನೆ. ಕೊಪ್ಪರಿಗೆ ಕೆಂಪಾಗಿತ್ತು, ನಾನು ಗುಳ್ಳೆ ನೋಡುತ್ತ, ಇನ್ನೂ ಇದೆ ಎಂದುಕೊಂಡು ನಿಂತಿದ್ದೆ. ತಡಿಕೆಯ ಸಂದಿಯಿಂದ ಸಣ್ಣ ದನಿ ಬಂತು.

"ಮಾವಯ್ಯ, ಸೀದೋಯ್ತದ."

"ನಿಂಗೇನ್ ಗೊತ್ತು, ನಿನ್ ಕೆಲ್ಸ ನೋಡು" ಎಂದು ಗದರಿದೆ. ಗದರಿದ ಬಾಯಲ್ಲೇ "ಇಳಿಸಿ" ಎಂದೆ.

ಬೆಲ್ಲ ಚಿನ್ನದ ಬಣ್ಣಕ್ಕೆ ಬಂತು. ತಟ್ಟಿದರೆ ಟಣ್ ಎಂದಿತು. ದೊಡ್ಡಮಾದಪ್ಪನವರು, "ಇದು ಕಣಣ್ಣ ನಿನ್ ಬೆಲ್ಲ" ಎಂದು ನನ್ನ ಬೆನ್ನು ತಟ್ಟಿದರು. ನಾನು ಮೀಸೆ ಸವರಿಕೊಂಡೆ. ಕಾಕತಾಳೀಯ ಇರಬೇಕು.

26-12-1949, ಸೋಮವಾರ

ಬಸವಣ್ಣನ ದಿನ, ಎತ್ತು ಕಟ್ಟುವುದಿಲ್ಲ. ಮಹದೇವು ಕೊಳ್ಳೇಗಾಲದ ಸಂತೆಗೆ ಹೋಗಿದ್ದ. ಸೊಸೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕಂಬಕ್ಕೊರಗಿ ಕೂತು, ಕಂಬದ ಜೊತೆ ಮಾತಾಡುವವನ ಹಾಗೆ, "ಅವತ್ತು ಸೀದೋಯ್ತದ ಅಂತ ಎಂಗ್ ಗೊತ್ತಾಯ್ತು" ಎಂದೆ.

ಅವಳು ಇನ್ನೊಂದು ಕಾಯಿ ಸುಲಿದಳು. ಆಮೇಲೆ, "ಎಳ್ಳು ಹುರ್ದಂಗ ವಾಸ್ನ ಬತ್ತದ. ಅದಾದ್ಮ್ಯಾಲ ಸೀತದ" ಎಂದಳು.

ನಾನು ಯಾರಿಗೂ ಹೇಳಿಕೊಡದ ಮಾತು. ಅವಳ ತವರಲ್ಲಿ ಕಬ್ಬೂ ಇಲ್ಲ, ಗಾಣವೂ ಇಲ್ಲ. ನನಗೆ ಸಿಟ್ಟು ಬಂತು, ಯಾಕೆ ಎಂದು ಗೊತ್ತಿಲ್ಲ. ನಾನು ಇದನ್ನು ತಿಳಿಯಲು ಆರು ವರ್ಷ ತೆಗೆದುಕೊಂಡಿದ್ದೆ.

"ಎಳ್ಳಿಗೆ ಮುಂಚ?"

"ಮುಂಚ ಒಂದ್ ಗಳ್ಗ ಏನೂ ಬರದಿಲ್ಲ. ಅದ್ಕೂ ಮುಂಚ ಜ್ವಾಳದ ತೆನ ಸುಟ್ಟಂಗ."

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿ, ನನ್ನ ಕಡೆ ನೋಡದೆ, "ಜ್ವರ ಬಂದ್ಮ್ಯಾಲ ನಿಮ್ಗ ವಾಸ್ನ ತಿಳಿಯಾಕಿಲ್ಲ ಅಲ್ವಾ ಮಾವಯ್ಯ. ಮೊನ್ನ ಹಾಲು ಒಡ್ದಿತ್ತು, ಹಂಗೇ ಕುಡುದ್ರಿ" ಎಂದಳು.

ಇಲ್ಲ ಎನ್ನಲು ಬಾಯಿ ತೆರೆದು, ಹೂಂ ಎಂದೆ. ಕಡೆಗೆ ಒಂದು ಏರ್ಪಾಡು ಮಾಡಿಕೊಂಡೆವು. ಅವಳು ದಿನವೂ ಆವಿ ಹೋಗುವ ಪಡುವಣ ತಡಿಕೆಯ ಹಿಂದೆ ರಚ್ಚು ಹರವುವುದು. ಅಲ್ಲೇ ಕುಡಿಯುವ ನೀರಿನ ಹಿತ್ತಾಳೆ ಕೊಡ ಇಟ್ಟಿದೆ. ಎಳ್ಳು ಎದ್ದ ಕೂಡಲೇ ಕೊಡಕ್ಕೆ ಎರಡು ಸಲ ಬಳೆ ತಟ್ಟುವುದು. ಇದು ಮಹದೇವುಗೂ ತಿಳಿಯಬಾರದು ಎಂದೆ. ಅವಳು ತಲೆಯಾಡಿಸಿದಳು.

ಸ್ವಲ್ಪ ದಿನದ ಮಟ್ಟಿಗೆ ಅಷ್ಟೆ. ಮೂಗು ಸರಿಹೋಗುತ್ತದೆ.

14-1-1950, ಶನಿವಾರ. ಸಂಕ್ರಾಂತಿ

ಮೂರು ವಾರದಲ್ಲಿ ಒಂದೇ ಒಂದು ಕೊಪ್ಪರಿಗೆ ಕೆಟ್ಟಿಲ್ಲ. ಹಂಪಾಪುರದವರು ನಮ್ಮ ಬೆಲ್ಲ ನೋಡಿ ಹೋಗಲು ಬಂದಿದ್ದರು. ಜ್ವರ ಬಿಟ್ಟ ಮೇಲೆ ಸಿದ್ದಮಲ್ಲಣ್ಣನ ಕೈ ಇನ್ನೂ ಪಳಗಿದೆ ಎಂದು ದೊಡ್ಡಮಾದಪ್ಪನವರು ಅವರಿಗೆ ಹೇಳಿದರು. ನಾನು ಬೇಡ ಅನ್ನಲಿಲ್ಲ.

ಸೊಸೆ ಎಳ್ಳುಬೆಲ್ಲ ತಂದುಕೊಟ್ಟಳು. ಎಳ್ಳು ಬಾಯಲ್ಲಿ ಮರಳಿನ ಹಾಗಿತ್ತು. ಪಡಸಾಲೆಯಲ್ಲೇ ಮೂವರೂ ಕೂತು ಉಂಡೆವು. ನಾನು ಈಗ ದಿನಾ ಅಲ್ಲೇ ಉಣ್ಣುತ್ತೇನೆ, ಒಳಗೆ ಒಬ್ಬನೇ ಕೂತರೆ ಸೆಖೆ. ಉಣ್ಣುವಾಗ ಅವಳು ಒಂದೊಂದೇ ಹೇಳುತ್ತಾಳೆ. ಇವತ್ತು ಅವರೆಗೆ ಸೊಗಡು ಚೆನ್ನಾಗಿದೆಯಂತೆ. ಹಿತ್ತಲ ಮಾವು ಹೂಬಿಟ್ಟಿದೆಯಂತೆ, ಗಾಳಿ ಬೀಸಿದರೆ ಮನೆಯೆಲ್ಲ ಅದೇ ಅಂತೆ. ಕೆಂದ ಹಸುವಿನ ಕೆಚ್ಚಲಿನಿಂದ ಬೇರೆ ವಾಸನೆ ಬರುತ್ತಿದೆ, ಬಾವು ಬರಬಹುದು ಎಂದಳು. ಸಂಜೆ ಮುಟ್ಟಿ ನೋಡಿದರೆ ಬಿಸಿಯಾಗಿತ್ತು. ಅರಿಸಿನ ಅರೆದು ಹಚ್ಚಿದೆವು.

ಹೀಗೊಂದು ಮೂಗು ನಮ್ಮ ಮನೆಯಲ್ಲಿ ಎರಡು ವರ್ಷ ಸಾರು ಕುದಿಸುತ್ತ ಇತ್ತು.

26-1-1950, ಗುರುವಾರ

ದೇಶಕ್ಕೆ ಹೊಸ ರಾಜ್ಯಭಾರವಂತೆ. ಶಾಲೆಯಲ್ಲಿ ಬಾವುಟ ಹಾರಿಸಿದರು. ಮಕ್ಕಳಿಗೆ ಹಂಚಲು ಮೇಷ್ಟ್ರು ಇಪ್ಪತ್ತು ಅಚ್ಚು ಬೆಲ್ಲ ತರಿಸಿಕೊಂಡಿದ್ದರು. ಭಾಷಣದಲ್ಲಿ ನನ್ನ ಹೆಸರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆ ಹೆಂಗಸರ ಗುಂಪಿನಲ್ಲಿ ನಿಂತು ತಟ್ಟುತ್ತಿದ್ದಳು. ನಗುತ್ತಿದ್ದಳು ಕೂಡ. ನನಗೆ ಆ ಚಪ್ಪಾಳೆ ಬೇಗ ಮುಗಿದರೆ ಸಾಕು ಅನ್ನಿಸಿತು. ಬಿಸಿಲು ಜಾಸ್ತಿಯಿತ್ತು.

8-2-1950, ಬುಧವಾರ

ಶಿವರಾತ್ರಿಗೆ ಮಾದಪ್ಪ ದೇವರ ಬೆಟ್ಟಕ್ಕೆ ಹೊರುವ ಬೆಲ್ಲವನ್ನು ಇವತ್ತು ಕಾಯಿಸುವುದೆಂದು ಗೊತ್ತಾಗಿತ್ತು. ಊರಿನವರು ಭಾನುವಾರ ಬೆಳಿಗ್ಗೆ ಹನೂರಿನ ದಾರಿ ಹಿಡಿದು ನಡೆದು ಹೋಗುತ್ತಾರೆ. ಈ ಒಂದು ಕೊಪ್ಪರಿಗೆಗೆ ಎಲ್ಲರೂ ಮಡಿಯಲ್ಲಿ ಬರುತ್ತಾರೆ. ಪ್ರತಿ ಮನೆಯಿಂದ ಒಂದು ಹೊರೆ ಕಬ್ಬು.

ಆಲೆಮನೆಗೆ ಯಾರು ಬಂದರೂ ಕಬ್ಬಿನ ಹಾಲು ಇಲ್ಲ ಎನ್ನಬಾರದು. ದೊಡ್ಡಮಾದಪ್ಪನವರ ಹೆಂಡತಿ ದೊಡ್ಡಬಸಮ್ಮನವರು ಮನೆಯ ಪೂಜೆಗೆ ಒಂದು ಚೊಂಬು ಹಾಲು ಒಯ್ಯಲು ತಡಿಕೆಯ ಆಚೆ ಬಂದಿದ್ದಾರೆ. ಚೊಂಬು ತೊಳೆಯಲು ಹಿತ್ತಾಳೆ ಕೊಡದ ನೀರಿಗೆ ಕೈ ಹಾಕಿದ್ದಾರೆ. ಸೊಸೆ ಆ ಹೊತ್ತಿಗೆ ನಾಲ್ಕು ಮಾರು ಆಚೆ ರಚ್ಚು ತಿರುವುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಕೊಪ್ಪರಿಗೆ ಇಳಿಸಿದ ಮೇಲೆ. ನನಗೆ ಕೇಳಿಸಿದ್ದು ಹಿತ್ತಾಳೆಗೆ ಬಳೆ ತಗುಲಿದ ಸದ್ದು, ಎರಡು ಸಲ.

"ಇಳಿಸಿ" ಎಂದೆ.

ಮರಿಗೆಗೆ ಸುರಿಯುವಾಗಲೇ ಗೊತ್ತಾಯಿತು. ನೀರಾಗಿ ಹರಿಯಿತು. ಅಚ್ಚಿನಲ್ಲಿ ಒಂದು ಜಾವ ಬಿಟ್ಟರೂ ಕೂರಲಿಲ್ಲ, ಹುಣಸೆಹುಳಿ ಹಾಗೆ ಅಂಟಿಕೊಂಡಿತು. ಮಾದಪ್ಪನ ಬೆಲ್ಲ.

ದೊಡ್ಡಮಾದಪ್ಪನವರು ಸುತ್ತ ನೋಡಿದರು. ಅವರ ಕಣ್ಣು ತಡಿಕೆಯ ಮೇಲೆ ನಿಂತಿತು.

"ಅಲ್ಲ, ಆ ಹೆಣ್ಮಗಳು ದಿನಾ ತಡಿಕ ಹಿಂದ್ಗಡೇನೇ ಯಾಕ ಕುಂತಿರ್ತಾಳ? ಆವಿ ಓಗೋ ಕಡೇನೇ ಯಾಕ? ಬ್ಯಾರೆ ದಿನ ಓಗ್ಲಿ, ಮಾದಪ್ಪನ್ ಕೊಪ್ರಿಗಕ್ಕೂ ಹೆಂಗ್ಸಿನ್ ಗಾಳಿ ಸೋಕ್ಬೇಕಾ?"

ಎಲ್ಲರೂ ಅತ್ತ ತಿರುಗಿದರು. ಅವಳು ಕೈಯಲ್ಲಿ ರಚ್ಚು ಹಿಡಿದುಕೊಂಡು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಇದ್ಕ ಏನಂತಿ ಸಿದ್ದಮಲ್ಲಣ್ಣ?"

ಅದು ಅವಳ ಬಳೆ ಅಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಬಳೆಯ ವಿಷಯ ಯಾಕೆ ಬಂತು ಎಂದು ಕೇಳುತ್ತಿದ್ದರು. ನಾನು ನೆಲ ನೋಡಿದೆ. "ನಾಳಿಂದ ಬರೋದು ಬ್ಯಾಡ ಅಂತ ಹೇಳ್ತೀನಿ" ಎಂದೆ.

ನನ್ನ ಬಾಯಿಂದ ಬಂದದ್ದು ಇಷ್ಟೇ.

ಪುಸ್ತಕದಲ್ಲಿ ಕಾರಣ ಬರೆಯಬೇಕು. ಹೆಂಗಸಿನ ಗಾಳಿ ಎಂದು ಬರೆದೆ.

9-2-1950, ಗುರುವಾರ

ಆಲೆಮನೆಗೆ ಹೋಗಲಿಲ್ಲ, ಮೈ ಸರಿಯಿಲ್ಲ ಎಂದು ಹೇಳಿಕಳಿಸಿದೆ. ಮಹದೇವು ನನ್ನ ಮುಖ ನೋಡದೆ ಉಂಡು ಎದ್ದ. ಶನಿವಾರ ಇನ್ನೊಂದು ಕೊಪ್ಪರಿಗೆ ಕಾಯಿಸುತ್ತಾರಂತೆ. ಮತ್ತೆ ಮನೆಗೊಂದು ಹೊರೆ ಕಬ್ಬು. ಅದೂ ಕೆಟ್ಟರೆ ಈ ವರ್ಷ ಸತ್ತೇಗಾಲದಿಂದ ಬೆಟ್ಟಕ್ಕೆ ಬೆಲ್ಲ ಇಲ್ಲ.

10-2-1950, ಶುಕ್ರವಾರ

ನಿನ್ನೆಯಿಂದ ಮನೆಯಲ್ಲಿ ಏನೋ ಒಂದು ಕಡಿಮೆಯಾಗಿದೆ ಅನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಇವತ್ತು ಅವಳು ಅನ್ನ ಬಡಿಸಲು ಬಗ್ಗಿದಾಗ ಕಂಡಿತು. ಎರಡು ಕೈಯ ಬಳೆಗಳಿಗೂ ಹಳೇ ಸೀರೆಯ ಚೂರು ಬಿಗಿಯಾಗಿ ಸುತ್ತಿಕೊಂಡಿದ್ದಾಳೆ. ನೀರು ಸೇದುವಾಗ, ಬೀಸುವಾಗ, ಪಾತ್ರೆ ಬೆಳಗುವಾಗ ಒಂದು ಸದ್ದಿಲ್ಲ.

ತಟ್ಟೆಯಲ್ಲಿ ಏನಿತ್ತೋ ನನಗೆ ನೆನಪಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಐವತ್ತೆಂಟು ವರ್ಷಕ್ಕೆ ಇಷ್ಟು ನಾಚಿಕೆಯಾಗಿದ್ದಿಲ್ಲ.

11-2-1950, ಶನಿವಾರ

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಟೆ. ಕಣ್ಣಲ್ಲೇ ನೋಡಿ ಇಳಿಸುವುದು, ಮಾದಪ್ಪ ನಡೆಸಿದಂತಾಗಲಿ ಎಂದುಕೊಂಡಿದ್ದೆ. ಅವಳು ಹೊಸ್ತಿಲ ಬಳಿ ರಾಗಿ ಹಸನು ಮಾಡುತ್ತಿದ್ದಳು. ನಾನು ದಾಟಿ ಹೋದೆ.

ಕೊಪ್ಪರಿಗೆ ತುಂಬಿತು. ಇಡೀ ಊರೇ ಬಂದು ನಿಂತಿತ್ತು. ಕೊಳೆ ತೆಗೆದೆವು, ನೊರೆ ಹಳದಿಯಾಯಿತು. ಒಲೆಯ ಗುಂಡಿಯಿಂದ ಕೆಂಪನಂಜಪ್ಪ ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಅಣ್ಣ, ಇವತ್ತು ತಡಿಕ ಹಿಂದ ಯಾರೂ ಇಲ್ಲ. ಎಂಗ್ ಮಾಡೀಯ?" ಎಂದ.

ನಾನು ಬಗ್ಗಿ ಅವನ ಮುಖ ನೋಡಿದೆ.

"ಗುಂಡೀಲಿ ಕುಂತವ್ನಿಗ ಬ್ಯಾರೇನ್ ಕೆಲ್ಸ. ನೀನು ಇಳ್ಸಿ ಅನ್ನೋಕ ಮುಂಚ ಕೊಡದ್ ಸದ್ದು ಕೇಳ್ತಿತ್ತು. ನಾನೂ ಅದ್ಕೇ ಉರಿ ಎಳೀತಿದ್ದೆ" ಎಂದ. ನಾನು ಎಲ್ಲರೆದುರು ಬೈದಿದ್ದರೂ ಅವನು ಇದನ್ನು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

ನೊರೆಯ ಅಂಚು ಕೆಂಪಾಗತೊಡಗಿತು. ಪಾಕದವನು ನಿಲ್ಲುವ ಹಲಗೆಯಿಂದ ಕೆಳಗಿಳಿದೆ. ದೊಡ್ಡಮಾದಪ್ಪನವರೆದುರು ನಿಂತು ಹೇಳಿದೆ.

"ನಂಗ ಮೂಗಿಲ್ಲ ಕಣಪ್ಪ. ಕಾರ್ತಿಕದ ಜ್ವರದಲ್ಲೇ ಓಯ್ತು. ಅಲ್ಲಿಂದೀಚೆಗ ಕೆಟ್ಟಿದ್ದೆಲ್ಲ ನಾನು ನೋಡ್ದ ಪಾಕ. ಚೆಂದಾಗಿ ಬಂದಿದ್ದೆಲ್ಲ ನನ್ ಸೊಸೇದು. ಮೊನ್ನೆ ಮಾದಪ್ಪನ್ ಕೊಪ್ರಿಗ ಕೆಡ್ಸಿದ್ದೂ ನಾನೇ. ಅವಳು ಇಳ್ಸಿ ಅಂದಿರ್ನಿಲ್ಲ, ನಾನು ತಪ್ಪು ತಿಳ್ಕಂಡೆ."

ಬಳೆ ಸದ್ದು ಯಾರದು ಎಂದು ಹೇಳಲಿಲ್ಲ. ನೀರಿಗೆ ಕೈ ಹಾಕಿದ್ದು ದೊಡ್ಡಬಸಮ್ಮನವರ ತಪ್ಪಲ್ಲ.

ಯಾರೋ ಹಿಂದೆ ನಕ್ಕರು. ಯಾರೋ ಶಿವಶಿವಾ ಎಂದರು. ದೊಡ್ಡಮಾದಪ್ಪನವರ ಮುಖ ಕಪ್ಪಾಯಿತು. "ಇಷ್ಟ್ ದಿನ ಹೆಂಗ್ಸಿನ್ ಪಾಕ ತಿನ್ಸಿದ್ಯಾ ನಮ್ಗ? ಮಾದಪ್ಪ ಮೆಚ್ಚಾನಾ ಇದ್ನ?"

"ಮೆಚ್ಚದಿದ್ರ ನೂರಿಪ್ಪತ್ತು ಕೊಪ್ರಿಗ ಯಾಕ ಕೂತ್ಕತು? ಸಂಕ್ರಾಂತಿಗ ತಿಂದ್ರಿ, ಬಾವುಟದ ದಿನ ಮಕ್ಳು ತಿಂದೋ. ನಾನು ಒಬ್ನೇ ನೋಡ್ದಾಗ ಸೀದೋಯ್ತು. ನೀವೇ ಹೇಳಿ, ಯಾರು ನಿಂತ್ಕಬೇಕು?"

ಕೊಪ್ಪರಿಗೆ ಯಾರಿಗೂ ಕಾಯುವುದಿಲ್ಲ, ಅದು ತನ್ನ ಪಾಡಿಗೆ ಏರುತ್ತಿತ್ತು. ಕೆಂಪನಂಜಪ್ಪ ರಚ್ಚು ಹೊರಗೆಳೆದು ಉರಿ ತಗ್ಗಿಸಿದ. ಮಹದೇವು ಎತ್ತು ಬಿಟ್ಟು ಆಗಲೇ ಓಡಿದ್ದ. ನಮ್ಮ ಮನೆಗೆ ಎರಡು ಹೊಲದ ದೂರ. ಅಷ್ಟು ಹೊತ್ತೂ ನಾನು ದೊಡ್ಡಮಾದಪ್ಪನವರನ್ನು ನೋಡಲಿಲ್ಲ, ಕೊಪ್ಪರಿಗೆಯನ್ನೂ ನೋಡಲಿಲ್ಲ, ದಾರಿ ನೋಡಿದೆ.

ಓಡಿ ಬಂದಳು. ಸೆರಗೆಲ್ಲ ರಾಗಿ ಧೂಳು, ಬಳೆಗೆ ಇನ್ನೂ ಬಟ್ಟೆ. ಆಲೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ಏದುಸಿರು ಬಿಡುತ್ತಾ ನನ್ನನ್ನೇ ನೋಡಿದಳು, ಮೊನ್ನೆ ನೋಡಿದ ಹಾಗೆಯೇ. ನನ್ನ ಬಾಯಿಂದ ಒಂದು ಮಾತು ಕೇಳದೆ ಅವಳು ಒಳಗೆ ಬರುವವಳಲ್ಲ ಎಂದು ನನಗೆ ತಿಳಿಯಿತು.

"ಪುಟ್ಟಬಸಮ್ಮ, ತಪ್ಪಾಯ್ತು ಕಣವ್ವ. ಒಳಕ್ ಬಾ" ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ.

ಅವಳು ಬಂದು ಹಲಗೆ ಹತ್ತಿದಳು. ಕಣ್ಣು ಮುಚ್ಚಿದಳು. ನಾಲ್ಕು ಜನ ಗಳ ಹಿಡಿದು ನಿಂತರು. ನಾನು ಪಕ್ಕದಲ್ಲಿ ನಿಂತು ಗುಳ್ಳೆ ನೋಡಿದೆ. ಗುಳ್ಳೆ ದಪ್ಪವಾಗಿ ಪುಟಪುಟನೆ ಒಡೆಯುತ್ತಿತ್ತು, ನನ್ನ ಕಣ್ಣಿನ ಪ್ರಕಾರ ಆಗಿಹೋಗಿತ್ತು. ಇಳಿಸಿ ಎನ್ನುವ ಮಾತು ಹಲ್ಲಿನವರೆಗೆ ಬಂದಿತ್ತು. ಅವಳು ಬಾಯಿ ತೆರೆಯಲಿಲ್ಲ. ನಾನು ಹಲ್ಲು ಕಚ್ಚಿ ಎಣಿಸಿದೆ. ಹನ್ನೊಂದು ಉಸಿರು.

"ಇಳ್ಸಿ."

ಮರಿಗೆಯಲ್ಲಿ ಕಡೆದು ಅಚ್ಚಿಗೆ ಹಾಕಿದರು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಕೂತಿತು. ಹೊಂಬಣ್ಣ. ದೊಡ್ಡಮಾದಪ್ಪನವರು ಬೆರಳಿನಿಂದ ತಟ್ಟಿದರು, ಟಣ್ ಎಂದಿತು. ಜನರೆಲ್ಲ ಉಸಿರು ಬಿಟ್ಟರು. ಬೆಟ್ಟದ ಅಚ್ಚುಗಳನ್ನು ಬಾಳೆಲೆಯಲ್ಲಿ ತೆಗೆದಿಟ್ಟ ಮೇಲೆ ಅವರು ಉಳಿದ ಒಂದು ಅಚ್ಚು ಒಡೆದು, ನಲವತ್ತೊಂದು ವರ್ಷದ ಅಭ್ಯಾಸದಂತೆ ಮೊದಲ ಚೂರನ್ನು ನನ್ನ ಕಡೆ ಹಿಡಿದರು. ನಾನು ಕೈ ಚಾಚಲಿಲ್ಲ. ಅವರು ಅದನ್ನು ಅವಳ ಮುಂದಿನ ಹಲಗೆಯ ತುದಿಯಲ್ಲಿ ಇಟ್ಟರು. ಕೈಗೆ ಕೊಡಲಿಲ್ಲ. ಇಟ್ಟು ಆಚೆ ಹೋದರು. ಅಷ್ಟಾದರೂ ಮಾಡಿದರು.

ಅವಳು ಎತ್ತಿ ಬಾಯಿಗೆ ಹಾಕಿಕೊಂಡಳು.

"ಹೆಂಗದವ್ವ?" ಎಂದೆ.

ಸುತ್ತ ನಿಂತವರೆಲ್ಲ ಬೆಲ್ಲ ಚಪ್ಪರಿಸುತ್ತ ತಲೆದೂಗುತ್ತಿದ್ದರು. ಅವಳು ನಾಲಿಗೆಯಲ್ಲಿ ಹೊರಳಿಸಿ ಹೊರಳಿಸಿ ನೋಡಿ ಹೇಳಿದಳು.

"ಒಂದುಸ್ರು ತಡ ಆಯ್ತು ಮಾವಯ್ಯ. ಕೊನೇಲಿ ಒಂಚೂರು ಕಯ್ಯಿ ಅದ. ಓಡ್ಬಂದ್ನಲ್ಲ, ಮೊದ್ಲು ಬಂದ ಎಳ್ಳು ತಪ್ಪೋಯ್ತು. ನಂದೇ ತಪ್ಪು."

ಅಲ್ಲಿ ಯಾರಿಗೂ ಆ ಕಹಿ ತಿಳಿದಿರಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ.

13-2-1950, ಸೋಮವಾರ

ನಿನ್ನೆ ಬೆಲ್ಲ ಹೊತ್ತವರು ಇಷ್ಟು ಹೊತ್ತಿಗೆ ಹನೂರು ದಾಟಿರುತ್ತಾರೆ. ಮುಂದಿನ ವಾರದಿಂದ ಆಲೆಮನೆಗೆ ಯಾರು ಎಂದು ದೊಡ್ಡಮಾದಪ್ಪನವರು ಇನ್ನೂ ಹೇಳಿಕಳಿಸಿಲ್ಲ. ಹೊಲದಲ್ಲಿ ಇನ್ನೂ ಒಂದು ತಿಂಗಳ ಕಬ್ಬು ನಿಂತಿದೆ. ಅವರು ಯೋಚನೆ ಮಾಡಲಿ.

ಇವತ್ತು ಎತ್ತಿಗೂ ಬಿಡುವು, ನನಗೂ ಬಿಡುವು. ಪುಸ್ತಕ ತೆಗೆದು ಮೊದಲಿಂದ ನೋಡಿದೆ. ನಲವತ್ತೊಂದು ಸುಗ್ಗಿಯಲ್ಲಿ ಕೆಟ್ಟ ಕೊಪ್ಪರಿಗೆ ಬೇಕಾದಷ್ಟಿವೆ. ಪ್ರತಿಯೊಂದಕ್ಕೂ ಕಾರಣ ಬರೆದಿದ್ದೇನೆ. ಚೌಳು ನೆಲ. ಎಳೇ ಕಬ್ಬು. ಉರಿ. ಮೋಡ. ಗಾಣದವನ ನಿರ್ಲಕ್ಷ್ಯ. ಪಾಕದವನ ತಪ್ಪು ಎಂದು ಒಂದು ಕಡೆಯೂ ಇಲ್ಲ.

ಹಳೆಯವುಗಳ ನಿಜ ನನಗೂ ಈಗ ನೆನಪಿಲ್ಲ. ಗೊತ್ತಿರುವಷ್ಟನ್ನು ತಿದ್ದಿದೆ. ಡಿಸೆಂಬರ್ ಏಳನೇ ತಾರೀಖಿನ ಚೌಳು ಹೊಡೆದುಹಾಕಿದೆ. ಹದಿನಾಲ್ಕರ ಉರಿ ಹೊಡೆದುಹಾಕಿದೆ, ಸಂಜೆ ಕೆಂಪನಂಜಪ್ಪನ ಮನೆಗೆ ಹೋಗಿ ಬರಬೇಕು. ಫೆಬ್ರವರಿ ಎಂಟರ ಎದುರು ಬರೆದದ್ದನ್ನು ಕಾಗದ ಹರಿಯುವಷ್ಟು ಗೀಚಿ, ಪಾಕದವನ ತಪ್ಪು ಎಂದು ಬರೆದೆ. ಹನ್ನೊಂದರ ಎದುರು, ಪಾಕ ಪುಟ್ಟಬಸಮ್ಮನದು, ಒಂದು ಉಸಿರು ತಡ, ಅವಳೇ ಹೇಳಿದ್ದು ಎಂದು ಬರೆದೆ.

ಊಟಕ್ಕೆ ಕೂಗಿದಳು. ತಟ್ಟೆ ಇಡುವಾಗ ಬಳೆ ಸದ್ದಾಯಿತು.

ಸಾರು ಸಪ್ಪೆಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.